ಕೌದಿ ಹೊಲಿಯುವ ಮುನ್ನ: ಬಟ್ಟೆ, ಬಣ್ಣ ಮತ್ತು ಚೌಕಗಳ ಲೆಕ್ಕ

ಕೌದಿಗೆ ಕೂರುವವರು ಸಾಮಾನ್ಯವಾಗಿ ಮೊದಲು ಸೂಜಿ ಹುಡುಕುತ್ತಾರೆ. ಸೂಜಿಗೆ ಆತುರವಿಲ್ಲ. ಕೌದಿ ಚೆನ್ನಾಗಿ ಬರುವುದೋ ಇಲ್ಲವೋ ಎಂಬುದು ಬಟ್ಟೆಯ ಗಂಟು ಬಿಚ್ಚಿ ನೆಲದ ಮೇಲೆ ಹರವಿದ ಹೊತ್ತಿಗೇ ಮುಕ್ಕಾಲು ತೀರ್ಮಾನವಾಗಿರುತ್ತದೆ. ಅಂಗಡಿಯಿಂದ ಹೊಸ ಬಟ್ಟೆ ತಂದು ಕತ್ತರಿಸಿ ಕೌದಿ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ನೂರು ಸಲ ಒಗೆದು ಮೆತ್ತಗಾದ ಸೀರೆ, ಧೋತರಗಳ ಹಿತ ಗಂಜಿ ಹಾಕಿದ ಹೊಸ ಬಟ್ಟೆಗೆ ಬರುವುದಿಲ್ಲ.

ಬಟ್ಟೆ ಆರಿಸುವುದು

ಹತ್ತಿಯ ಜೊತೆಗೆ ಹತ್ತಿಯೇ ಇರಲಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮಡಚಿದ ಅಂಚು ಕೂರುವುದಿಲ್ಲ, ಬೇರೆ ಬೇರೆ ರೀತಿಯಲ್ಲಿ ಕುಗ್ಗುವ ಬಟ್ಟೆಗಳನ್ನು ಜೋಡಿಸಿದರೆ ಒಗೆದ ಮೇಲೆ ಕೌದಿ ಸುಕ್ಕುಗಟ್ಟುತ್ತದೆ. ಯಾವುದು ಹತ್ತಿ ಎಂಬ ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಜಾಳಾಗಿರುವ ಜಾಗ ತಕ್ಷಣ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಎಳೆ ಹರಿಯುವ ಸದ್ದು ಬಂದರೆ ಅದನ್ನು ಒಳಪದರಕ್ಕೆ ಹಾಕಿ, ಮೇಲೆ ಬೇಡ. ಜೀನ್ಸ್ ಮತ್ತು ಮಲ್‌ ಬಟ್ಟೆ ಅಕ್ಕಪಕ್ಕ ಕೂಡಿಸಿದರೆ ದಪ್ಪನೆಯದು ತೆಳುವಿನದನ್ನು ಎಳೆದು ಹರಿಯುತ್ತದೆ. ಜರಿ ಮೈಗೆ ಚುಚ್ಚುತ್ತದೆ. ಗುಳೇದಗುಡ್ಡದ ಖಣದ ಚೂರು ಸಿಕ್ಕಿದ್ದರೆ ಅದನ್ನು ಬಿಡಲು ಮನಸ್ಸಾಗದು, ನಿಜ; ಆದರೆ ಅದರ ಅಂಚಿನ ಎಳೆಗಳು ಬೇಗ ಬಿಚ್ಚಿಕೊಳ್ಳುತ್ತವೆ. ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು, ಕೈಮೈ ಹೆಚ್ಚು ಉಜ್ಜದ ಕಡೆ ಚಿಕ್ಕ ಚೌಕವಾಗಿ ಇಡಿ.

ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ಬಟ್ಟೆಯನ್ನು ಬಿಳಿ ಚಿಂದಿಯ ಜೊತೆ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಿಳಿ ಚಿಂದಿ ಕೆಂಪಾದರೆ ಆ ಬಟ್ಟೆ ಈ ಕೌದಿಗಲ್ಲ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಬಣ್ಣ ಹಾಕಿ ಮುಗಿದ ಬಟ್ಟೆಯ ಮೇಲೆ ಆ ಉಪಾಯವನ್ನು ನಂಬಿ ಕೂರುವಂತಿಲ್ಲ.

ಬಣ್ಣಕ್ಕಿಂತ ಮೊದಲು ತಿಳಿ-ಗಾಢ

ಕೆಂಪಿನ ಪಕ್ಕ ಯಾವ ಬಣ್ಣ ಎಂದು ತಲೆಕೆಡಿಸಿಕೊಳ್ಳುವವರೇ ಹೆಚ್ಚು. ಕಣ್ಣು ವಿನ್ಯಾಸವನ್ನು ಗುರುತಿಸುವುದು ಬಣ್ಣದ ಹೆಸರಿನಿಂದಲ್ಲ, ತಿಳಿ ಮತ್ತು ಗಾಢಗಳ ಅಂತರದಿಂದ. ಇಳಕಲ್ ಸೀರೆಯ ದಾಳಿಂಬೆ ಕೆಂಪು ಮತ್ತು ಬಾಟಲಿ ಹಸಿರು ಕೈಯಲ್ಲಿ ಹಿಡಿದಾಗ ಎಷ್ಟೇ ಬೇರೆ ಕಂಡರೂ ಎರಡೂ ಗಾಢ. ಅಕ್ಕಪಕ್ಕ ಇಟ್ಟು ಹತ್ತು ಅಡಿ ದೂರ ನಿಂತರೆ ಒಂದರೊಳಗೊಂದು ಮುಳುಗಿ, ನೀವು ಕಷ್ಟಪಟ್ಟು ಕತ್ತರಿಸಿದ ಚೌಕಗಳು ಕಾಣದಾಗುತ್ತವೆ.

ಆದ್ದರಿಂದ ಬಟ್ಟೆಗಳನ್ನು ಮೂರು ರಾಶಿ ಮಾಡಿ: ಗಾಢ, ಮಧ್ಯಮ, ತಿಳಿ. ಯಾವ ರಾಶಿಗೆ ಎಂದು ತಿಳಿಯದಿದ್ದರೆ ಎಲ್ಲವನ್ನೂ ಸಾಲಾಗಿ ಜೋಡಿಸಿ ಮೊಬೈಲ್‌ನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಬದಲಾಯಿಸಿ. ಅಲ್ಲಿ ಬೇರೆಯಾಗಿ ಕಾಣದ ಎರಡು ಬಟ್ಟೆಗಳು ಕೌದಿಯಲ್ಲೂ ಬೇರೆಯಾಗಿ ಕಾಣುವುದಿಲ್ಲ. ಮೊಬೈಲ್ ಇಲ್ಲದ ಕಾಲದವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ಅದೂ ಸಾಕು.

ತಿಳಿಗೆ ಹಳೆಯ ಧೋತರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಗೆದು ಒಗೆದು ಕೆನೆಬಣ್ಣಕ್ಕೆ ತಿರುಗಿದ ಬಿಳಿಯು ಅಚ್ಚ ಬಿಳಿಯಂತೆ ಕಣ್ಣಿಗೆ ಹೊಡೆಯುವುದಿಲ್ಲ. ಹಳದಿಯನ್ನು ಚಿಟಿಕೆಯಷ್ಟೇ ಬಳಸಿ, ಸ್ವಲ್ಪವೇ ಇದ್ದರೂ ಅದು ಎಲ್ಲರ ಗಮನ ಕಸಿಯುತ್ತದೆ. ಯಾವುದಾದರೂ ಒಂದು ಬಣ್ಣ ಕೌದಿಯ ನಾಲ್ಕೂ ಮೂಲೆಗಳ ಕಡೆ ಮತ್ತೆ ಮತ್ತೆ ಬರುವಂತೆ ನೋಡಿಕೊಂಡರೆ ಉಳಿದವು ಎಷ್ಟು ಬಗೆಯಿದ್ದರೂ ಚೆಲ್ಲಾಪಿಲ್ಲಿ ಎನಿಸುವುದಿಲ್ಲ. ಅಚ್ಚಿನ ಬಟ್ಟೆಗಳಲ್ಲೂ ಬೆರಕೆ ಬೇಕು: ದೊಡ್ಡ ಹೂವಿನ ಪಕ್ಕ ಸಣ್ಣ ಚುಕ್ಕಿ, ಅದರ ಪಕ್ಕ ಲುಂಗಿಯ ಚೌಕಳಿ. ಎಲ್ಲವೂ ದೊಡ್ಡ ಹೂವಾದರೆ ಎಲ್ಲಿ ಒಂದು ತುಂಡು ಮುಗಿದು ಇನ್ನೊಂದು ಶುರುವಾಯಿತು ಎಂಬುದೇ ತಿಳಿಯದು.

ಚೌಕದ ವಿನ್ಯಾಸ

ಮೊದಲ ಸಲ ಮಾಡುವವರಿಗೆ ಒಂಬತ್ತು ಮನೆಯ ಚೌಕ ಸಾಕು. ಮೂರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ, ಎಲ್ಲ ಬದಿಗೂ ಕಾಲು ಇಂಚು ಹೊಲಿಗೆಗೆ ಬಿಟ್ಟರೆ ಒಂದೊಂದು ಮನೆ ಮೂರು ಇಂಚಾಗಿ ಉಳಿಯುತ್ತದೆ. ಜೋಡಿಸಿದ ಚೌಕ 9 ಇಂಚು. ಐದು ಗಾಢ, ನಾಲ್ಕು ತಿಳಿ. ಮಗುವಿನ ಕೌದಿ 36 ಇಂಚು ಅಗಲ, 45 ಇಂಚು ಉದ್ದ ಎಂದಿಟ್ಟುಕೊಂಡರೆ 20 ಚೌಕಗಳು ಬೇಕು. ಇಪ್ಪತ್ತನ್ನೂ ಜೋಡಿಸಬೇಕಿಲ್ಲ. ಹತ್ತು ಮಾತ್ರ ಜೋಡಿಸಿ, ನಡುನಡುವೆ ಒಂಬತ್ತೂವರೆ ಇಂಚಿಗೆ ಕತ್ತರಿಸಿದ ಹತ್ತು ಇಡೀ ತುಂಡುಗಳನ್ನು ಚದುರಂಗದ ಮಣೆಯಂತೆ ಇಟ್ಟರೆ ಕೆಲಸ ಅರ್ಧವಾಗುತ್ತದೆ. ಆಗ ಬೇಕಾದದ್ದು 50 ಗಾಢ, 40 ತಿಳಿ ಚೂರುಗಳು. ಬಟ್ಟೆಯ ಎಳೆಯ ನೇರಕ್ಕೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಅಂಚು ಹಿಗ್ಗುತ್ತದೆ. ತ್ರಿಕೋನಗಳನ್ನು ಮುಂದಿನ ಕೌದಿಗೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕಾಗಿಯೇ.

ಸೀರೆಯ ಅಂಚುಗಳು ಬಹಳ ಉಳಿದಿದ್ದರೆ ಅಮೆರಿಕದ ಲಾಗ್ ಕ್ಯಾಬಿನ್ ವಿನ್ಯಾಸ ಅವಕ್ಕೆ ಹೇಳಿ ಮಾಡಿಸಿದಂತಿದೆ. ನಡುವೆ ಒಂದು ಚಿಕ್ಕ ಕೆಂಪು ಚೌಕ, ಅದರ ಸುತ್ತ ಪಟ್ಟಿಯ ಮೇಲೆ ಪಟ್ಟಿ. ಒಂದು ಕರ್ಣದ ಈಚೆ ತಿಳಿ ಪಟ್ಟಿಗಳು, ಆಚೆ ಗಾಢ ಪಟ್ಟಿಗಳು. ಇಳಕಲ್ ಸೆರಗಿನ ಕೆಂಪು ನಡುವಿನ ಚೌಕಕ್ಕೆ ಎಷ್ಟು ಹೊಂದುತ್ತದೆ ಎಂದರೆ, ಬೇರೆ ಕೆಂಪು ಹುಡುಕುವುದೇ ಬೇಡ.

ಅಳತೆ, ಲೆಕ್ಕ ಯಾವುದೂ ಬೇಡ ಎನ್ನುವವರಿಗೆ ಉತ್ತರ ಕನ್ನಡದ ಸಿದ್ದಿ ಮಹಿಳೆಯರ ದಾರಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ಕೌದಿಯಲ್ಲಿ ಮೊದಲೇ ಜೋಡಿಸಿಟ್ಟ ಚೌಕಗಳಿರುವುದಿಲ್ಲ. ಅಂಚಿನಿಂದ ಶುರುಮಾಡಿ, ತುಂಡಿನ ಬದಿಯನ್ನು ಒಳಕ್ಕೆ ಮಡಚಿ ಹೊಲಿಯುತ್ತಾ, ಮುಂದಿನ ತುಂಡನ್ನು ಆಗಲೇ ಆರಿಸುತ್ತಾ, ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ ಹೂಗಳನ್ನು ಕೂರಿಸುತ್ತಾರೆ; ಅವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ನೋಡಲು ಸುಲಭವೆನಿಸುವ ಈ ಕ್ರಮವೇ ನಿಜಕ್ಕೂ ಕಷ್ಟದ್ದು. ಮುಂದಿನ ತುಂಡು ಯಾವುದು ಎಂಬ ತೀರ್ಮಾನಕ್ಕೆ ಕಣ್ಣು ಪಳಗಿರಬೇಕು.

ಹರವಿ ನೋಡಿ, ನಂತರ ಹೊಲಿಯಿರಿ

ತುಂಡುಗಳನ್ನೆಲ್ಲ ನೆಲದ ಮೇಲೆ ಜೋಡಿಸಿ ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದಾಗ ಒಪ್ಪದ ತುಂಡು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬದಲಾಯಿಸಿದ ಮೇಲೆ ಚಿತ್ರ ತೆಗೆದು, ಪ್ರತಿ ಸಾಲಿಗೂ ಸಂಖ್ಯೆಯ ಚೀಟಿ ಪಿನ್ ಮಾಡಿ ಎತ್ತಿಡಿ. ಜೋಡಿಸುವಾಗ ಒಳಗೆ ಉಳಿಯುವ ಹೊಲಿಗೆಯ ಅಂಚನ್ನು ಗಾಢ ಬಟ್ಟೆಯ ಕಡೆಗೆ ಇಸ್ತ್ರಿ ಮಾಡಿ. ತಿಳಿಯ ಕಡೆ ಮಡಚಿದರೆ ಮೇಲಿನಿಂದ ನೆರಳು ಕಾಣುತ್ತದೆ.

ಪದರಗಳು ಮೇಲಿನದು ಸೇರಿ ಮೂರು ಅಥವಾ ನಾಲ್ಕು ಇರಲಿ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡೂ ತುಂಡುಗಳನ್ನು ಅಗಲಕ್ಕೆ ಜೋಡಿಸಿದರೆ ಇಬ್ಬರು ಹೊದೆಯುವಷ್ಟು ದೊಡ್ಡ ಪದರವಾಗುತ್ತದೆ. ಅದಕ್ಕಿಂತ ಹೆಚ್ಚು ಪದರ ಹಾಕಿದರೆ ಸೂಜಿ ಇಳಿಯದು, ಒಗೆದ ಕೌದಿಯನ್ನು ಎತ್ತಲು ಇಬ್ಬರು ಬೇಕಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಅದು ಒಣಗುವುದೇ ಇಲ್ಲ. ಪದರಗಳನ್ನು ಉದ್ದನೆಯ ಕಚ್ಚಾ ಹೊಲಿಗೆಯಿಂದ ಹಿಡಿದಿಟ್ಟು, ದಪ್ಪ ಹತ್ತಿ ದಾರದಲ್ಲಿ ಬೆರಳಗಲಕ್ಕೊಂದು ಸಾಲು ಹೊಲಿಯುತ್ತಾ ಹೋಗಿ. ದಾರದ ಬಣ್ಣ ಬಟ್ಟೆಗೆ ಹೊಂದಲೇಬೇಕೆಂದಿಲ್ಲ. ಗಾಢ ನೆಲದ ಮೇಲೆ ಬಿಳಿ ದಾರದ ಸಾಲು ಎದ್ದು ಕಾಣುತ್ತದೆ, ಆದರೆ ಹೊಲಿಗೆಯ ಸೊಟ್ಟವೂ ಅಷ್ಟೇ ಎದ್ದು ಕಾಣುತ್ತದೆ. ಉಳಿದ ಚೂರುಗಳನ್ನು ಒಂದು ಚೀಲದಲ್ಲಿ ಕಟ್ಟಿಡಿ. ಮೊದಲು ಸವೆಯುವುದು ಕುತ್ತಿಗೆಯ ಬಳಿ ಬರುವ ಅಂಚು; ತೇಪೆಗೆ ಅದೇ ಬಟ್ಟೆ ಬೇಕಾಗುತ್ತದೆ.