ಹಕ್ಕೋಡಾ ಕಾದಂಬರಿಯನ್ನು ಓದುವುದು ಹೇಗೆ: ಒಂದು ನೋಟ್‌ಬುಕ್, ಎರಡು ಕಾಲಂ

ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ದ್ರಾಸ್ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಈಗ ಗದಗಿನಲ್ಲಿದ್ದೇನೆ. ಜಪಾನಿನ ನಿಟ್ಟಾ ಜಿರೋ ಬರೆದ ಹಕ್ಕೋಡಾ ಬೆಟ್ಟದ ಕಾದಂಬರಿಯನ್ನು ಮೂರು ಸಲ ಓದಿದ್ದೇನೆ. ಮೊದಲ ಸಲ ಮುಂದೇನಾಯಿತು, ಯಾರು ಸತ್ತರು ಅಂತ ಅವಸರದಲ್ಲಿ ಪುಟ ತಿರುಗಿಸಿದೆ. ಮುಗಿದ ಮೇಲೆ ಮೈ ನಡುಗಿತು, ಅಷ್ಟೇ. ಯಾಕೆ ಹೀಗಾಯಿತು ಅನ್ನುವುದು ಗೊತ್ತಾಗಲಿಲ್ಲ. ಎರಡನೇ ಸಲ ಪೆನ್ನು ಹಿಡಿದು ಕೂತೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಕಥೆಯ ಮೂಲ ನಿಜ ಘಟನೆ. ರಷ್ಯಾ ಜೊತೆ ಯುದ್ಧ ಬರಬಹುದೆಂದು ಜಪಾನ್ ಸೇನೆ ಹಿಮದಲ್ಲಿ ನಡೆಯುವ ಅಭ್ಯಾಸ ಮಾಡುತ್ತಿತ್ತು. 1902ರ ಜನವರಿ 23ರಂದು ಉತ್ತರ ಜಪಾನಿನ ಅಓಮೊರಿಯಿಂದ 5ನೇ ರೆಜಿಮೆಂಟಿನ 210 ಜನ ಹೊರಟರು. ಸುಮಾರು 20 ಕಿಲೋಮೀಟರ್ ದೂರದ ತಶಿರೊ ಬಿಸಿನೀರಿನ ಬುಗ್ಗೆಯ ಹತ್ತಿರ ರಾತ್ರಿ ಉಳಿಯುವುದು ಅವರ ಲೆಕ್ಕ. 199 ಜನ ಸತ್ತರು. ಅದೇ ದಿನಗಳಲ್ಲಿ ಹಿರೊಸಾಕಿಯ 31ನೇ ರೆಜಿಮೆಂಟಿನ 37 ಜನ, ಜೊತೆಗೊಬ್ಬ ಪತ್ರಕರ್ತ, ಸುಮಾರು 220 ಕಿಲೋಮೀಟರ್ ಸುತ್ತಿ ಅದೇ ಬೆಟ್ಟ ದಾಟಿದರು. ಎಲ್ಲರೂ ಜೀವಂತವಾಗಿ ಬಂದರು. ಕಾದಂಬರಿ 1971ರದು. ನಾನು ಓದಿದ್ದು ಜೇಮ್ಸ್ ವೆಸ್ಟರ್‌ಹೋವನ್ ಅವರ ಇಂಗ್ಲಿಷ್ ಅನುವಾದ.

ಶುರು ಮಾಡುವ ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಹಕ್ಕೋಡಾ ಹಿಮಾಲಯದಂಥ ಬೆಟ್ಟ ಅಲ್ಲ. ಅದರ ಅತಿ ಎತ್ತರದ ಶಿಖರ 1,585 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ. ಅಲ್ಲಿ ಕೊಂದದ್ದು ಎತ್ತರವಲ್ಲ. ಸೈಬೀರಿಯಾದಿಂದ ಸಮುದ್ರ ದಾಟಿ ಬರುವ ಗಾಳಿ ತೇವ ಹೊತ್ತು ತಂದು ಆ ಬೆಟ್ಟದ ಮೇಲೆ ಹಿಮ ಸುರಿಯುತ್ತದೆ. ಆ ವಾರ ಚಳಿಯೂ ವಿಪರೀತ. ಜನವರಿ 25ರಂದು ಉತ್ತರದ ಅಸಾಹಿಕಾವಾದಲ್ಲಿ ಮೈನಸ್ 41 ಡಿಗ್ರಿ ದಾಖಲಾಯಿತು. ನಿಟ್ಟಾ ಸ್ವತಃ ಜಪಾನ್ ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿದವರು, ಫ್ಯೂಜಿ ಪರ್ವತದ ಮೇಲೆ ರೇಡಾರ್ ಕಟ್ಟಿಸುವ ಕೆಲಸದಲ್ಲಿದ್ದವರು. ಅದಕ್ಕೇ ಗಾಳಿ, ಮೋಡದ ಬಗ್ಗೆ ಅವರು ಬರೆದ ಸಾಲುಗಳನ್ನು ವರ್ಣನೆ ಅಂತ ಹಾರಿಸಬೇಡಿ.

ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು ಬರೆದುಕೊಳ್ಳಿ. ನಿಟ್ಟಾ ನಿಜ ಹೆಸರುಗಳನ್ನು ಸ್ವಲ್ಪ ಬದಲಿಸಿದ್ದಾರೆ. 5ನೇ ರೆಜಿಮೆಂಟಿನ ಕ್ಯಾಪ್ಟನ್ ಕನ್ನಾರಿ ಇಲ್ಲಿ ಕಾಂಡಾ. ಮೇಜರ್ ಯಾಮಗುಚಿ ಇಲ್ಲಿ ಯಾಮಾದಾ. 31ರ ಕ್ಯಾಪ್ಟನ್ ಫುಕುಶಿಮಾ ಇಲ್ಲಿ ತೊಕುಶಿಮಾ. 5ರಿಂದ ಬದುಕಿ ಬಂದ ಕ್ಯಾಪ್ಟನ್ ಕುರಾಇಶಿ ಇಲ್ಲಿ ಕುರಾತಾ. ಈ ನಾಲ್ಕು ಹೆಸರು ಸಾಕು.

ಎರಡನೇ ಪುಟದಿಂದ ನಡುವೆ ಗೆರೆ ಎಳೆಯಿರಿ. ಎಡಕ್ಕೆ 5, ಬಲಕ್ಕೆ 31. ಎರಡು ತಂಡದ ಕಥೆ ಬೇರೆ ಬೇರೆ ನಡೆಯುವುದರಿಂದ ತಾರೀಖು ಹಾಕಿ ಅಕ್ಕಪಕ್ಕ ಇಟ್ಟರೇ ಅವು ಒಂದರ ಮುಖ ಒಂದು ನೋಡುವುದು. ಪ್ರತಿ ದಿನಕ್ಕೂ ನಾಲ್ಕೇ ವಿಷಯ ಬರೆಯಿರಿ: ಹವಾಮಾನ, ಊಟ, ಕಾಲಿಗೆ ಏನು ಹಾಕಿದ್ದರು, ತೀರ್ಮಾನ ಯಾರದು. ಕೊನೆಯದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ನನ್ನ ಪ್ರಕಾರ ಇಡೀ ಕಾದಂಬರಿ ಇರುವುದು ಅದರಲ್ಲೇ. ಕಾಗದದ ಮೇಲೆ ತಂಡದ ನಾಯಕ ಕಾಂಡಾ. ಆದರೆ ಜೊತೆಗೆ ಬಂದ ಮೇಜರ್ ಯಾಮಾದಾ ನಡುನಡುವೆ ತಾನೇ ಆಜ್ಞೆ ಕೊಡುತ್ತಾನೆ. ದಾರಿಯ ಹಳ್ಳಿಯವರು ದಾರಿ ತೋರಿಸುತ್ತೇವೆ ಅಂದರೂ ಬೇಡ ಎನ್ನುವವನು ಅವನೇ. ಬೆಟ್ಟ ಗೊತ್ತಿರುವವನ ಬಾಯಿಗೆ ಅಧಿಕಾರ ಇಲ್ಲ. ಅಧಿಕಾರ ಇರುವವನಿಗೆ ಬೆಟ್ಟ ಗೊತ್ತಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎಡಗಡೆ ಕಾಲಂ ತುಂಬಾ ಕೆಂಪು ಗೀಚು. ಬಲಗಡೆ ಪ್ರತಿ ದಿನವೂ ಒಂದೇ ಹೆಸರು.

ಜನವರಿ 23ರ ರಾತ್ರಿಗೆ ಬಂದಾಗ ನಿಧಾನ ಮಾಡಿ. ಒಂದು ಸಲ ಕೂತಾಗ ಆ ಭಾಗ ಮಾತ್ರ ಓದಿ. ಊಟ, ಇದ್ದಿಲು ತುಂಬಿದ 14 ಜಾರುಬಂಡಿಗಳನ್ನು ಸೈನಿಕರೇ ಎಳೆಯುತ್ತಿದ್ದರು. ಮೆತ್ತಗಿನ ಹಿಮದಲ್ಲಿ ಅವು ಹೂತು ಇಡೀ ತಂಡ ನಿಧಾನವಾಯಿತು. ಕತ್ತಲಾಯಿತು. ತಶಿರೊ ಇನ್ನು ಒಂದೂವರೆ ಕಿಲೋಮೀಟರ್ ಇತ್ತು, ಆದರೆ ಕಾಣಲಿಲ್ಲ. ಹಿಮದಲ್ಲಿ ಗುಂಡಿ ತೋಡಿ ಕೂತರು. ಎಷ್ಟು ತೋಡಿದರೂ ನೆಲ ಸಿಗಲಿಲ್ಲ. ಹಿಮದ ಮೇಲೇ ಒಲೆ ಹಚ್ಚಿದರೆ ಹಿಮ ಕರಗಿ ಪಾತ್ರೆ ವಾಲುತ್ತದೆ. ಅನ್ನ ಸರಿಯಾಗಿ ಬೇಯಲಿಲ್ಲ. ಕೂತರೆ ಸಾಯುತ್ತೇವೆ ಅನಿಸಿ ಬೆಳಗಿನ ಜಾವ ಎರಡೂವರೆಯ ಹೊತ್ತಿಗೇ, ಕತ್ತಲಲ್ಲೇ, ಎದ್ದು ಹೊರಟರು. ಅಲ್ಲಿಂದ ದಾರಿ ತಪ್ಪಿ ಕಣಿವೆಗೆ ಇಳಿದರು. ಇಲ್ಲಿ ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಬರೆಯಿರಿ: ಬೆಳಕಾಗುವವರೆಗೆ ಗುಂಡಿಯಲ್ಲೇ ಇದ್ದಿದ್ದರೆ? ಉತ್ತರ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಮುಂದಿನ ಪುಟಗಳಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. ಸಕ್ಕರೆ ಕಾಯಿಲೆ, ನರದ ತೊಂದರೆ ಇದ್ದವರು ಬೇಡ. ಐಸ್ ಹಾಕಿದ ನೀರಿನಲ್ಲಿ ಒಂದು ನಿಮಿಷ ಎರಡೂ ಕೈ ಇಡಿ. ಒರೆಸಿಕೊಂಡು ಅಂಗಿಯ ಗುಂಡಿ ಹಾಕಲು ನೋಡಿ. ಬೆರಳು ಮಾತು ಕೇಳುವುದಿಲ್ಲ ಅಲ್ವಾ? ಹಕ್ಕೋಡಾದಲ್ಲಿ ಪ್ಯಾಂಟಿನ ಗುಂಡಿ ಬಿಚ್ಚಲಾಗದೆ ಸೈನಿಕರು ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡರು. ಅದು ಹೆಪ್ಪುಗಟ್ಟಿತು. ಓದುವಾಗ ಅದನ್ನು ಅಸಹ್ಯ ಅಂದುಕೊಳ್ಳಬೇಡಿ. ಅದು ಮರಣದ ಮೊದಲ ಮೆಟ್ಟಿಲು. ಕೆಲವರು ಆ ಚಳಿಯಲ್ಲಿ ಬಟ್ಟೆ ಕಿತ್ತೆಸೆಯುವುದನ್ನೂ ನೋಡುತ್ತೀರಿ. ಹುಚ್ಚು ಅಂತ ಪುಟ ತಿರುಗಿಸಬೇಡಿ. ಮೈ ತೀರಾ ತಣ್ಣಗಾದಾಗ ಮನುಷ್ಯನಿಗೆ ಉರಿಯುವ ಹಾಗೆ ಆಗುತ್ತದೆ. ನಮಗೆ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು. 1902ರ ಆ ಹುಡುಗರಿಗೆ ಯಾರೂ ಹೇಳಿರಲಿಲ್ಲ.

ಬಲಗಡೆ ಕಾಲಂನಲ್ಲಿ ಕಾಲಿನ ಸಾಲನ್ನು ಚೆನ್ನಾಗಿ ತುಂಬಿ. 31ರವರು ಒಂದರ ಮೇಲೊಂದು ಸಾಕ್ಸ್ ಹಾಕಿ, ಅದರ ಮೇಲೆ ಮೆಣಸಿನಪುಡಿ ಉದುರಿಸಿ ಎಣ್ಣೆ ಕಾಗದ ಸುತ್ತಿದರು. ಸಣ್ಣ ತಂಡ, ಹಳ್ಳಿಯಿಂದ ಹಳ್ಳಿಗೆ ನಡಿಗೆ, ದಾರಿ ತೋರಿಸಲು ಊರಿನವರು. ನಾನು ದ್ರಾಸ್‌ನಲ್ಲಿ ದಿನಾ ಹೇಳುತ್ತಿದ್ದ ಮಾತು ಒಂದೇ: ಒದ್ದೆ ಸಾಕ್ಸ್ ಬದಲಿಸಿ. ಅದನ್ನು ಬೈಸಿಕೊಂಡರೂ ಹೇಳುತ್ತಿದ್ದೆ. ಆದರೆ ಬಲಗಡೆ ಎಲ್ಲವೂ ಒಳ್ಳೆಯದು ಅಂತ ಬರೆಯಬೇಡಿ. ದಾರಿ ತೋರಿಸಿದ ಹಳ್ಳಿಗರು ಏನಾದರು ಅಂತ ಹುಡುಕಿ. ಕೆಲವರು ಫ್ರಾಸ್ಟ್‌ಬೈಟ್ (ಚಳಿಗೆ ಕೈಕಾಲು ಹೆಪ್ಪುಗಟ್ಟಿ ಆಗುವ ಗಾಯ) ಹೊತ್ತು ಮನೆಗೆ ಹೋದರು. ಆ ಬಗ್ಗೆ ಒಂದು ಸಾಲಾದರೂ ಬರೆಯಿರಿ.

ಮುಗಿಸಿದ ಮೇಲೆ ಕಾದಂಬರಿಯನ್ನೂ ಇತಿಹಾಸವನ್ನೂ ಬೇರೆ ಮಾಡಿ. ನಿಟ್ಟಾ ಕಥೆಯಲ್ಲಿ ಎರಡು ತಂಡಗಳಿಗೂ ಒಟ್ಟಿಗೆ ಹಕ್ಕೋಡಾ ದಾಟುವ ಕೆಲಸ ಬರುತ್ತದೆ, ಇಬ್ಬರು ಕ್ಯಾಪ್ಟನ್‌ಗಳು ಬೆಟ್ಟದಲ್ಲಿ ಸಿಗೋಣ ಅಂದುಕೊಳ್ಳುತ್ತಾರೆ. ನಿಜದಲ್ಲಿ ಎರಡೂ ಬೇರೆ ಬೇರೆ ಯೋಜನೆ. ಮೇಜರನ ಸಾವೂ ಕಾದಂಬರಿಯ ಹಾಗಲ್ಲ. ನಿಜವಾದ ಯಾಮಗುಚಿ ಫೆಬ್ರುವರಿ 2ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಸತ್ತವರ ಮೇಲೆ ತಪ್ಪು ಹೊರಿಸುವಾಗ ಇಷ್ಟು ಎಚ್ಚರ ಬೇಕು.

ಕೊನೆಗೆ ಒಂದು ಖಾಲಿ ಪುಟ ಬಿಡಿ. ಅದರಲ್ಲಿ ಮೇಲೆ ಗೊತೊ ಫುಸಾನೊಸುಕೆ ಅಂತ ಬರೆಯಿರಿ. ಜನವರಿ 27ರಂದು ಹುಡುಕಲು ಹೋದವರಿಗೆ ಹಿಮದಲ್ಲಿ ನಿಂತೇ ಸಿಕ್ಕ 5ನೇ ರೆಜಿಮೆಂಟಿನ ಕಾರ್ಪೊರಲ್ ಅವನು. ಅವನಿಂದಲೇ ದುರಂತ ಹೊರಗೆ ಗೊತ್ತಾಯಿತು. ಅವನ ಪ್ರತಿಮೆ ಈಗಲೂ ಅದೇ ಬೆಟ್ಟದ ಉಮತತೆಬಾ ಅನ್ನುವ ಜಾಗದಲ್ಲಿದೆ. ಕೆಳಗೆ ಇನ್ನೆರಡು ಹೆಸರು: 31ನ್ನು ಉಳಿಸಿ ತಂದ ಫುಕುಶಿಮಾ, 5ರಿಂದ ಬದುಕಿ ಬಂದ ಕುರಾಇಶಿ. ಎರಡರ ಪಕ್ಕಕ್ಕೂ ಒಂದೇ ತಾರೀಖು ಹಾಕಿ: ಜನವರಿ 1905. ರಷ್ಯಾ ಯುದ್ಧದಲ್ಲಿ, ಮಂಚೂರಿಯಾದ ಹೆಯಿಕೌತೈನಲ್ಲಿ, ಇಬ್ಬರೂ ಸತ್ತರು. ಅಲ್ಲಿಯೂ ಚಳಿಗಾಲ.