ಉಭಯಚರ ಪಳೆಯುಳಿಕೆಯ ಹೊಟ್ಟೆಯಲ್ಲಿರುವುದು ಆಹಾರವೇ? ಪರೀಕ್ಷಿಸುವ ಕ್ರಮ

ಕಪ್ಪೆಯ ಅಥವಾ ಹಲ್ಲಿಯಂತೆ ಕಾಣುವ ಉಭಯಚರವಾದ ಸಲಮಾಂಡರ್‌ನ ಪಳೆಯುಳಿಕೆಯ ಹೊಟ್ಟೆಯ ಭಾಗದಲ್ಲಿ ಚಿಪ್ಪೋ ಮೂಳೆಯ ಚೂರೋ ಕಂಡೊಡನೆ ಅದನ್ನು ಆ ಪ್ರಾಣಿಯ ಕೊನೆಯ ಊಟವೆಂದು ತೀರ್ಮಾನಿಸಬಾರದು. ಸರೋವರದ ತಳದಲ್ಲಿ ಒಂದರ ಮೇಲೊಂದು ಬಿದ್ದ ಜೀವಿಗಳು ಮೇಲಿನ ಹೂಳಿನ ಭಾರಕ್ಕೆ ಚಪ್ಪಟೆಯಾದಾಗ, ಹೊರಗಿದ್ದುದೂ ಒಳಗಿದ್ದಂತೆ ತೋರುತ್ತದೆ. ಆದ್ದರಿಂದ ಶುಚಿಗೊಳಿಸಲು ಸೂಜಿ ಹಿಡಿಯುವ ಮೊದಲೇ ಪಳೆಯುಳಿಕೆಯಿರುವ, ಸೀಳಿದ ಕಲ್ಲಿನ ಎರಡೂ ಹೋಳುಗಳ ಚಿತ್ರ ತೆಗೆದು, ಪ್ರತಿಯೊಂದು ಚೂರಿನ ಸ್ಥಾನವನ್ನು ಗುರುತು ಹಾಕಿಕೊಳ್ಳಿ.

ಮುಂದಿನ ಕೆಲಸ ಹೊಟ್ಟೆಯನ್ನು ಬಿಟ್ಟು ಅದರ ಸುತ್ತಲಿನ ಕಲ್ಲನ್ನು ನೋಡುವುದು. ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯವಾದದ್ದು. ಅದೇ ಚಿಪ್ಪುಗಳು ಹೊರಗೂ ಅಷ್ಟೇ ದಟ್ಟವಾಗಿ ಹರಡಿದ್ದರೆ ಅನುಮಾನಪಡಬೇಕು. ದೇಹದ ಮಿತಿಯೊಳಗೆ ಮಾತ್ರ ಒತ್ತಾಗಿ, ಒಂದೇ ಮುದ್ದೆಯಾಗಿದ್ದರೆ ನುಂಗಿದ್ದೆನ್ನಲು ಬಲ ಬರುತ್ತದೆ. ಸಾಧ್ಯವಾದರೆ ಅದೇ ಪದರದ ಇತರ ಮಾದರಿಗಳೊಡನೆ ಹೋಲಿಸಿ. ಚೀನಾದ ಒಳ ಮಂಗೋಲಿಯಾದ ದಾವೋಹೂಗೋ ಎಂಬಲ್ಲಿ ದೊರೆತ ಜುರಾಸಿಕ್ ಕಾಲದ ನೂರಾರು ಸಲಮಾಂಡರ್‌ಗಳಲ್ಲಿ ಕೆಲವೇ ಕೆಲವುಗಳ ಹೊಟ್ಟೆಯಲ್ಲಿ ಆಹಾರ ಉಳಿದಿದೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ ಜೆಹೊಲೊಟ್ರೈಟನ್ ಎಂಬ ಸಲಮಾಂಡರ್‌ನ ಹೊಟ್ಟೆಯಲ್ಲಿದ್ದುದು ಎರಡು ಚಿಪ್ಪುಗಳ ನಡುವೆ ಬದುಕುವ, ಸೀಗಡಿಯ ದೂರದ ಬಂಧುವಾದ ಯೂಎಸ್ತೀರಿಯಾದ ಮರಿಗಳು ಮಾತ್ರ. ಅಲ್ಲಿನದೇ ಇನ್ನೊಂದು ಸಲಮಾಂಡರ್ ಆದ ಲಿಯಾವೊಶಿಟ್ರೈಟನ್‌ನ ಹೊಟ್ಟೆಯಲ್ಲಿದ್ದುದು ನೀರುತಿಗಣೆಗಳು. ತಾನಾಗಿ ಬಂದು ಸೇರಿದ ಕಸವಾಗಿದ್ದರೆ ಪ್ರಭೇದಕ್ಕೆ ತಕ್ಕಂತೆ ಹೀಗೆ ಬೇರ್ಪಟ್ಟಿರುತ್ತಿರಲಿಲ್ಲ.

ಉಭಯಚರಗಳು ಸಾಮಾನ್ಯವಾಗಿ ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುವುದರಿಂದ, ಚಿಪ್ಪು ಒಡೆಯದೆ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಅದು ಆಹಾರವಲ್ಲವೆಂದು ತಳ್ಳಿಹಾಕಬೇಡಿ.

ಒಳಗಿರುವುದು ಮೂಳೆಯಾದರೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅದು ಆ ಪ್ರಾಣಿಯದೇ ಮೂಳೆ ಜಾರಿ ಬಂದದ್ದೂ ಆಗಿರಬಹುದು. ಕಪ್ಪೆಯಲ್ಲಿ ಮೊಣಕಾಲಿನ ಕೆಳಗಿನ ಎರಡು ಮೂಳೆಗಳು ಬೆಸೆದು ಒಂದಾಗಿರುತ್ತವೆ, ಸಲಮಾಂಡರ್‌ನಲ್ಲಿ ಬೇರೆಬೇರೆಯಾಗಿಯೇ ಇರುತ್ತವೆ. ಇಂತಹ ಗುರುತುಗಳನ್ನು ಹುಡುಕಿ. ಮಾದರಿಯನ್ನು ಒಡೆಯಲಾಗದಿದ್ದಾಗ ಎಕ್ಸ್‌ರೇ ಸ್ಕ್ಯಾನ್ ಮಾಡಿಸುವುದೇ ದಾರಿ. ಫ್ರಾನ್ಸಿನ ಕೆರ್ಸಿ ಪ್ರದೇಶದಲ್ಲಿ 19ನೇ ಶತಮಾನದಲ್ಲಿ ದೊರೆತ, ಸುಮಾರು 4 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನ ಫಾಸ್ಫೊಟ್ರೈಟನ್ ಎಂಬ ಸಲಮಾಂಡರ್‌ನ ಅಪೂರ್ಣ ದೇಹವನ್ನು ಸಿಂಕ್ರೊಟ್ರಾನ್ ಎಂಬ ಬೃಹತ್ ಯಂತ್ರದ ಪ್ರಖರ ಎಕ್ಸ್‌ರೇಯಿಂದ ನೋಡಿದಾಗ ಶ್ವಾಸಕೋಶ, ಬೆನ್ನುಹುರಿ ಮತ್ತು ಜೀರ್ಣನಾಳಗಳು ಕಂಡವು, ಆ ನಾಳದೊಳಗೆ ಕಪ್ಪೆಯೊಂದರ ಮೂಳೆಗಳಿದ್ದವು. 2017ರ ಈ ವರದಿ ಹೆಚ್ಚು ನಂಬಿಕೆ ಹುಟ್ಟಿಸುವುದು ಮೂಳೆಯ ಜೊತೆ ಅದನ್ನು ಸುತ್ತುವರಿದ ನಾಳವೂ ಉಳಿದಿರುವುದರಿಂದ.

ಟಿಪ್ಪಣಿ ಬರೆಯುವಾಗ ಒಂದು ಮಾದರಿಯಿಂದ ಇಡೀ ಪ್ರಭೇದದ ಆಹಾರಕ್ರಮವನ್ನು ಹೇಳಬೇಡಿ. ಮೆದುವಾದ ಹುಳುಗಳು ಬೇಗ ಕರಗಿಹೋಗಿ ಚಿಪ್ಪು, ಮೂಳೆಗಳಷ್ಟೇ ಉಳಿಯುತ್ತವೆಂಬುದನ್ನೂ ಅಲ್ಲಿಯೇ ದಾಖಲಿಸಿ.