ಮಂಗಳವಾರ ಸಂಜೆ ಏಳು ಗಂಟೆ: ಫ್ರೀಮಾಂಟ್‌ಗೆ ಹೊಸದಾಗಿ ಬಂದವರಿಗೆ

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ಮಕ್ಕಳ ಲಸಿಕೆಯ ದಾಖಲೆ, ಗ್ರಂಥಾಲಯದ ಕಾರ್ಡು. ಇವನ್ನೆಲ್ಲ ಮೊದಲ ತಿಂಗಳಲ್ಲಿ ನೀವು ಹೇಗೂ ಮುಗಿಸಿಕೊಳ್ಳುತ್ತೀರಿ. ನಿಮಗಿಂತ ಮೊದಲು ಬಂದ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಕಳಿಸಿಯೇ ಇರುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಕ್ಯಾಲಿಫೋರ್ನಿಯಾದ ಈ ಊರಿಗೆ ಬಂದು ಹದಿನಾರು ವರ್ಷವಾಯಿತು. ಅದರಲ್ಲಿ ಮೊದಲ ಒಂಬತ್ತು ವರ್ಷ ಇಲ್ಲಿ ಮಲಗಿ ಎದ್ದೆ, ಅಷ್ಟೆ. ಊರಿನಲ್ಲಿ ಏನು ನಡೆಯುತ್ತಿದೆ ಎಂದು ಯಾರಾದರೂ ಕೇಳಿದ್ದರೆ ತಿಪಟೂರಿನ ಕೊಬ್ಬರಿ ಧಾರಣೆ ಹೇಳುತ್ತಿದ್ದೆನೇ ಹೊರತು, ನಮ್ಮ ಬೀದಿಯ ತುದಿಯಲ್ಲಿ ಯಾಕೆ ಗುಂಡಿ ತೋಡಿದ್ದಾರೆ ಎಂಬುದು ನನಗೆ ತಿಳಿದಿರಲಿಲ್ಲ.

ಕಾರ್ಯಕ್ರಮಗಳಿಗೆ ಹೋಗುತ್ತಿರಲಿಲ್ಲ ಎಂದಲ್ಲ. ಹೋಗುತ್ತಿದ್ದೆವು, ನಮ್ಮವರ ಕಾರ್ಯಕ್ರಮಗಳಿಗೆ ಮಾತ್ರ. ಯಾವ ಆಹ್ವಾನ ಬಂದರೂ ನಮ್ಮ ಮೊದಲ ಪ್ರಶ್ನೆ ಊಟ ಇದೆಯೇ ಎಂಬುದು, ಎರಡನೆಯದು ಪಾರ್ಕಿಂಗ್. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ಇದೆ. ಅದರ ಹಬ್ಬಗಳಿಗೆ ನೀವು ಖಂಡಿತ ಹೋಗಿ. ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರವೇ ಈ ದೇಶದಲ್ಲಿ ನಮ್ಮ ಪಂಚಾಂಗ. ಆದ್ದರಿಂದ ಯುಗಾದಿ ಮೂರು ನಾಲ್ಕು ವಾರ ತಡವಾಗಿ ಬಂದರೆ, ರಾಜ್ಯೋತ್ಸವ ಡಿಸೆಂಬರಿಗೆ ಜಾರಿದರೆ ಆಶ್ಚರ್ಯಪಡಬೇಡಿ. ಒಂದು ಎಚ್ಚರಿಕೆ ಮಾತ್ರ. ಒಮ್ಮೆ ಒಂದು ಸಣ್ಣ ಬಳಗದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಬಿಸಿಬೇಳೆ ಬಾತು ಆರಿಹೋಗಿತ್ತು ಎಂದು ದೂರಿದೆ. ಮುಂದಿನ ಎರಡು ವರ್ಷ ಊಟದ ಸಮಿತಿಯಲ್ಲಿ ನಾನೇ ಇದ್ದೆ. ನಾನೂರು ಜನರಿಗೆ ಬಿಸಿಯಾಗಿ ಬಡಿಸುವುದು ಎಂದರೇನು ಎಂದು ಆಗ ತಿಳಿಯಿತು. ಇಲ್ಲಿ ಅಡುಗೆ ಭಟ್ಟರನ್ನು ಬೈಯಲು ಹೋದರೆ ಸೌಟು ನಿಮ್ಮ ಕೈಗೇ ಬರುತ್ತದೆ.

ಇನ್ನು ಊರಿನ ಸಭೆಗಳ ವಿಷಯ. ನನ್ನ ಮೊದಲ ತಪ್ಪು ಒಂದು ಲಕೋಟೆ.

ಸ್ವಂತ ಮನೆ ಕೊಂಡ ವರ್ಷ ಟಪಾಲಿನಲ್ಲಿ ಬರುವ ಸೋಫಾ ರಿಯಾಯಿತಿ, ಹಲ್ಲಿನ ವೈದ್ಯರು, ಸಾಲದ ಜಾಹೀರಾತುಗಳ ನಡುವೆ ಒಂದು ಬಿಳಿ ಲಕೋಟೆಯೂ ಇತ್ತು. ನೋಡಲಿಲ್ಲ, ಎಲ್ಲವನ್ನೂ ಒಟ್ಟಿಗೆ ಬುಟ್ಟಿಗೆ ಹಾಕಿದೆ. ಒಂದೂವರೆ ವರ್ಷದ ಮೇಲೆ ಹಿತ್ತಲಿನ ಆಚೆಯ ಖಾಲಿ ಜಾಗದಲ್ಲಿ ಮೂರು ಮಹಡಿಯ ಮನೆಗಳು ಎದ್ದು, ನಮ್ಮ ಕರಿಬೇವಿನ ಗಿಡಕ್ಕೆ ಬೀಳುತ್ತಿದ್ದ ಮಧ್ಯಾಹ್ನದ ಬಿಸಿಲು ಹೋಯಿತು. ಹೇಳದೆ ಕೇಳದೆ ಹೀಗೆ ಮಾಡುವುದೇ ಎಂದು ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯ ಮುಂದೆ ಹಾರಾಡಿದೆ. ಅವರು ಒಳಗೆ ಹೋಗಿ, ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದ ಅದೇ ಪತ್ರವನ್ನು, ಆ ಮನೆಗಳ ಬಗ್ಗೆ ವಿಚಾರಣೆ ಇದೆ ಎಂಬ ನೋಟಿಸನ್ನು, ತಂದು ತೋರಿಸಿದರು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ, ಕಟ್ಟಡದ ಅನುಮತಿಗಾಗಿ ಇಂಥ ಸಾರ್ವಜನಿಕ ವಿಚಾರಣೆ ನಡೆಯುವುದಾದರೆ ಕನಿಷ್ಠ 10 ದಿನ ಮೊದಲು, 300 ಅಡಿಯೊಳಗಿನ ಆಸ್ತಿಗಳ ಮಾಲೀಕರಿಗೆ ಪತ್ರ ಹೋಗಬೇಕು. ನನಗೂ ಹೇಳಿದ್ದರು. ಕೇಳಿಸಿಕೊಳ್ಳಲು ನಾನು ಇರಲಿಲ್ಲ. ನೀವು ಬಾಡಿಗೆ ಮನೆಯಲ್ಲಿದ್ದರೆ ಆ ಪತ್ರ ಮಾಲೀಕರ ಹೆಸರಿಗೆ ಹೋಗಿ ನಿಮಗೆ ತಲುಪದೇ ಇರಬಹುದು. ಖಾಲಿ ಜಾಗದ ಮುಂದೆ ನೋಟಿಸಿನ ಫಲಕ ಕಂಡರೆ ನಿಂತು ಓದಿ.

ಎರಡನೆಯ ತಪ್ಪು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಗಳ ಶಾಲೆಯ ಹತ್ತಿರದ ತಿರುವಿನಲ್ಲಿ ರಸ್ತೆ ದಾಟುವುದು ಕಷ್ಟವಾಗಿತ್ತು. ಸರಿ, ಈ ಸಲ ಸುಮ್ಮನಿರಬಾರದೆಂದು ಕ್ಯಾಪಿಟಲ್ ಅವೆನ್ಯೂಗೆ, ನಗರ ಪರಿಷತ್ತಿನ ಸಭೆಗೆ ಹೋದೆ. ಮೇಯರ್ ಮತ್ತು ಆರು ವಾರ್ಡುಗಳ ಸದಸ್ಯರು, ಒಟ್ಟು ಏಳು ಮಂದಿ ಎದುರಿಗೆ. ಕೋಟು ಹಾಕಿಕೊಂಡು ಹೋಗಿದ್ದೆ. ಭಾಷಣವನ್ನು ನಮ್ಮ ಕಡೆಯ ಮನವಿ ಪತ್ರದ ಮಾದರಿಯಲ್ಲಿ ಬರೆದಿದ್ದೆ: ಸನ್ಮಾನ್ಯರಿಗೆಲ್ಲ ವಂದನೆ, ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆ, ನನ್ನ ಪರಿಚಯ, ಈ ಸುಂದರ ನಗರದ ಬಗ್ಗೆ ನನಗಿರುವ ಅಭಿಮಾನ. ಮಾತನಾಡುವವರ ಮುಂದೆ ಒಂದು ಪುಟ್ಟ ದೀಪ ಇರುತ್ತದೆ: ಹಸಿರು, ಹಳದಿ, ಕೆಂಪು. ಒಬ್ಬರಿಗೆ ಸಿಗುವುದು ಹೆಚ್ಚೆಂದರೆ ಮೂರು ನಿಮಿಷ, ಜನ ಹೆಚ್ಚಿದ್ದರೆ ಅದಕ್ಕಿಂತಲೂ ಕಡಿಮೆ. ನನ್ನ ಅಭಿಮಾನ ಮುಗಿಯುವ ಹೊತ್ತಿಗೆ ದೀಪ ಕೆಂಪಾಗಿತ್ತು. ರಸ್ತೆಯ ಹೆಸರೂ ಬಾಯಿಗೆ ಬಂದಿರಲಿಲ್ಲ.

ಅದಕ್ಕಿಂತ ನೋವಾಗಿದ್ದು ಏಳು ಜನರ ಮೌನ. ಒಬ್ಬರೂ ಏನೂ ಕೇಳಲಿಲ್ಲ. ಧನ್ಯವಾದ, ಮುಂದಿನವರು ಬನ್ನಿ ಎಂದರು. ನಾನು ಕರಿಯ, ನನ್ನ ಉಚ್ಚಾರಣೆ ಬೇರೆ, ಅದಕ್ಕೇ ಹೀಗೆ ಎಂದು ಮನಸ್ಸಿನಲ್ಲಿ ಎರಡು ವರ್ಷ ಹಲ್ಲು ಕಡಿದೆ. ಆಮೇಲೆ ಅದೇ ಶಿಕ್ಷಕಿ ಬಿಡಿಸಿ ಹೇಳಿದರು. ಈ ರಾಜ್ಯದಲ್ಲಿ 1953ರಲ್ಲಿ ಬಂದ ಬ್ರೌನ್ ಕಾಯ್ದೆ ಎಂಬುದೊಂದಿದೆ. ನಿಗದಿತ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ವಿಶೇಷ ಸಭೆಯಾದರೆ 24 ಗಂಟೆ ಮೊದಲು. ಅದರಲ್ಲಿ ಇಲ್ಲದ ವಿಷಯವನ್ನು ಯಾರು ಬೇಕಾದರೂ ಎತ್ತಬಹುದು, ಆದರೆ ಸದಸ್ಯರು ಅದರ ಮೇಲೆ ಅಲ್ಲೇ ಚರ್ಚೆ ನಡೆಸುವಂತಿಲ್ಲ, ತೀರ್ಮಾನ ಮಾಡುವಂತಿಲ್ಲ. ಬಾಗಿಲ ಹಿಂದೆ ವ್ಯವಹಾರ ಆಗಬಾರದೆಂದು ಕಟ್ಟಿದ ಬೇಲಿಯನ್ನು ನಾನು ಅವಮಾನ ಎಂದುಕೊಂಡಿದ್ದೆ. ಎರಡು ವರ್ಷದ ಸಿಟ್ಟು ಕೆಲಸಕ್ಕೆ ಬಾರದೆ ಹೋದಾಗ ಒಂದು ಬಗೆಯ ನಷ್ಟದ ಭಾವ ಬರುತ್ತದೆ, ಅದನ್ನು ಅನುಭವಿಸಿದವರೇ ಬಲ್ಲರು.

ಹಾಗಾಗಿ ಕೆಲಸದ ಮಾತು ಇಷ್ಟು. ಮಂಗಳವಾರ ಸಂಜೆ ಏಳಕ್ಕೆ ಸಭೆ ಎಂದರೆ ಶನಿವಾರ ಸಂಜೆಯ ಒಳಗೆ ಕಾರ್ಯಸೂಚಿ ನಗರದ ಜಾಲತಾಣದಲ್ಲಿ ಇರಲೇಬೇಕು. ಭಾನುವಾರ ಇಡ್ಲಿ ಬೇಯುವಷ್ಟು ಹೊತ್ತಿನಲ್ಲಿ ಓದಬಹುದು. ಅದರಲ್ಲಿ ‘ಕನ್ಸೆಂಟ್ ಕ್ಯಾಲೆಂಡರ್’ ಎಂಬ ಭಾಗವನ್ನು ಬಿಡದೆ ನೋಡಿ; ಚರ್ಚೆಯಿಲ್ಲದೆ ಹತ್ತಾರು ವಿಷಯ ಒಂದೇ ಮತದಲ್ಲಿ ಪಾಸಾಗುವುದು ಅಲ್ಲಿ. ಹೇಳಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ, ವಂದನಾರ್ಪಣೆ ಬೇಡವೇ ಬೇಡ. ರಸ್ತೆ ದಾಟುವಂಥ ಸಣ್ಣ ವಿಷಯಕ್ಕೆ ಪರಿಷತ್ತಿನ ತನಕ ಹೋಗುವ ಅಗತ್ಯವೂ ಇಲ್ಲ. ಸಂಚಾರ ವಿಭಾಗದ ಎಂಜಿನಿಯರಿಗೆ ಐದು ಮನೆಯವರು ಸೇರಿ ಫೋಟೊ ಸಮೇತ ಬರೆದರೆ ಅದು ಬೇಗ ನಡೆಯುತ್ತದೆ. ನಮ್ಮ ತಿರುವಿಗೆ ಬಿಳಿ ಪಟ್ಟೆ ಬಂದದ್ದು ಹಾಗೆ.

ನಮ್ಮ ವೀಸಾ ಇನ್ನೂ ಎಚ್-1ಬಿ, ನಮಗೇಕೆ ಇದೆಲ್ಲ ಎಂದು ಕೇಳುವವರಿದ್ದಾರೆ. ನಾನೂ ಅದನ್ನೇ ಹೇಳಿಕೊಂಡು ಒಂಬತ್ತು ವರ್ಷ ಕಳೆದೆ. ಮತ ಹಾಕಲು ಪೌರತ್ವ ಬೇಕು. ಪರಿಷತ್ತಿನ ಸಭೆಯಲ್ಲಿ ಕುಳಿತುಕೊಳ್ಳಲು, ಎದ್ದು ಮಾತನಾಡಲು ಬೇಡ. ಹೆಸರು ಬರೆಸದೆ ಒಳಗೆ ಹೋಗಿ ಕೂರುವ ಹಕ್ಕನ್ನೂ ಆ ಕಾಯ್ದೆಯೇ ಕೊಟ್ಟಿದೆ. ಹಸಿರು ಕಾರ್ಡಿನ ಸರದಿಯಲ್ಲಿ ನಿಂತು ಕೂದಲು ಹಣ್ಣಾಗುವ ನಮ್ಮಂಥವರಿಗೆ ಇದು ಸಣ್ಣ ಮಾತೇನಲ್ಲ.

ಶಾಲೆಯ ಪಿಟಿಎ ಸಭೆಗೆ ಮಗಳ ಅಂಕಪಟ್ಟಿ ಹಿಡಿದುಕೊಂಡು ಹೋಗಿದ್ದೆ. ನಮ್ಮ ಕಡೆ ಪಾಲಕರ ಸಭೆ ಎಂದರೆ ಸಾಲಿನಲ್ಲಿ ನಿಂತು ದೂರು ಕೇಳಿಸಿಕೊಳ್ಳುವುದಲ್ಲವೇ? ಅಲ್ಲಿ ನೋಡಿದರೆ ಪುಸ್ತಕ ಮೇಳದ ಲೆಕ್ಕ ನಡೆಯುತ್ತಿತ್ತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆದರೆ ಬೀದಿಯ ಕೂಟದ ಬಗ್ಗೆ ಹೇಳಲೇಬೇಕು. ಆಗಸ್ಟ್ ತಿಂಗಳ ಮೊದಲ ಮಂಗಳವಾರ ಅಮೆರಿಕದ ಬಹಳಷ್ಟು ಊರುಗಳಲ್ಲಿ ‘ನ್ಯಾಷನಲ್ ನೈಟ್ ಔಟ್’ ನಡೆಯುತ್ತದೆ, 1984ರಿಂದ. ನೆರೆಯವರೆಲ್ಲ ರಸ್ತೆಗೆ ಮೇಜು ಎಳೆದು ಒಟ್ಟಿಗೆ ಉಣ್ಣುತ್ತಾರೆ, ಪೊಲೀಸರು, ಅಗ್ನಿಶಾಮಕದವರು ಬಂದು ಮಾತನಾಡಿಸಿ ಹೋಗುತ್ತಾರೆ. ಎಷ್ಟು ಜನ ಬರುತ್ತೀರಿ ಎಂದು ಚೀಟಿಯಲ್ಲಿ ಕೇಳಿದ್ದರು. ಮೂರು ಎಂದು ಬರೆದು, ಎಂಟು ಜನ ಹೋದೆವು: ಊರಿನಿಂದ ಬಂದಿದ್ದ ಅಪ್ಪ ಅಮ್ಮ, ಜತೆಗೆ ಸ್ನೇಹಿತನ ಮನೆಯವರು ಮೂವರು. ನಮ್ಮ ಲಗ್ನಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚು ಹಾಕಿಸುವಾಗ ಯಾರು ತಲೆ ಎಣಿಸುತ್ತಾರೆ? ಇಲ್ಲಿ ಎಣಿಸುತ್ತಾರೆ. ಸುಟ್ಟ ಜೋಳದ ತೆನೆ ತಲೆಗೊಂದು ಎಂದು ಇಟ್ಟಿದ್ದರು. ನಮ್ಮಿಂದಾಗಿ ಐದು ಜನರಿಗೆ ಸಿಗಲಿಲ್ಲ, ಅವರಲ್ಲಿ ಇಬ್ಬರು ಮಕ್ಕಳು. ಅದರ ಮೇಲೆ ನಾವು ಬರಿಗೈಯಲ್ಲಿ ಹೋಗಿದ್ದೆವು. ಯಾರೂ ಒಂದು ಮಾತೂ ಆಡಲಿಲ್ಲ. ಮಾರನೆಯ ವರ್ಷ ನನ್ನ ಹೆಂಡತಿ ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ ಕಲಸಿ, ಕಡಲೆಬೀಜ ಹಾಕಿರುವುದರ ಚೀಟಿ ಅಂಟಿಸಿ ಇಟ್ಟಳು. ಅಲರ್ಜಿಯ ಭಯ ಇಲ್ಲಿ ದೊಡ್ಡದು, ಆ ಚೀಟಿ ಮರೆಯಬೇಡಿ.

ಅಪ್ಪನ ವಿಷಯಕ್ಕೆ ಬಂದೆ. ಅವರು ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ಅರಳಿಕಟ್ಟೆಯ ಹತ್ತಿರ ಗ್ರಾಮಸಭೆ ನಡೆದರೆ ಮೈಕಿನ ಕೀರಲು ಸದ್ದು ನಮ್ಮ ಮನೆಗೇ ಕೇಳುತ್ತಿತ್ತು; ನಾನು ಕಿಟಕಿ ಮುಚ್ಚಿಕೊಂಡು ಸಿಇಟಿಗೆ ಓದುತ್ತಿದ್ದೆ. ಒಂದು ಸಭೆಗೂ ಹೋಗಿದ್ದಿಲ್ಲ. ಇಲ್ಲಿ ಆರು ತಿಂಗಳು ಇರಲು ಬಂದ ಅಪ್ಪ ಮೂರನೆಯ ವಾರಕ್ಕೆ ಸೆಂಟ್ರಲ್ ಪಾರ್ಕಿನ ಎಲಿಜಬೆತ್ ಕೆರೆಯ ದಂಡೆಯ ಬೆಂಚುಗಳಲ್ಲಿ ತಮ್ಮ ಕಟ್ಟೆಯನ್ನು ಕಂಡುಕೊಂಡರು. ಒಬ್ಬರು ಪಂಜಾಬಿನವರು, ಒಬ್ಬರು ಗುಜರಾತಿನವರು, ಅಪ್ಪನದು ಮುರುಕು ಹಿಂದಿ. ನಮ್ಮ ಬೀದಿಯಲ್ಲಿ ಯಾರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ, ಯಾರ ಮಗ ಕೆಲಸ ಕಳೆದುಕೊಂಡ ಎಂಬುದು ನನಗೆ ತಿಳಿದದ್ದು ಅಪ್ಪನಿಂದ. ತಂದೆ ತಾಯಿ ಬಂದರೆ ದಯವಿಟ್ಟು ಟಿವಿಯ ಮುಂದೆ ಕೂರಿಸಿ ಆಫೀಸಿಗೆ ಹೋಗಬೇಡಿ. ಕೆರೆಯ ಹತ್ತಿರವೇ ನಗರದವರು ನಡೆಸುವ ಹಿರಿಯರ ಕೇಂದ್ರವೂ ಇದೆ.

ಅವರನ್ನು ಪರಿಷತ್ತಿನ ಸಭೆಗೂ ಕರೆದುಕೊಂಡು ಹೋಗಿದ್ದೆ, ಬಿಳಿ ಪಂಚೆ, ಶಲ್ಯದ ಸಮೇತ. ಬಾಗಿಲಿಗೆ ಬೀಗ. ಆಗಸ್ಟಿನಲ್ಲಿ ಪರಿಷತ್ತಿಗೆ ಬಿಡುವು ಎಂಬುದನ್ನು ನಾನು ನೋಡಿಕೊಂಡಿರಲಿಲ್ಲ. ‘ಕೋರಂ ಇಲ್ಲವೇನೋ’ ಎಂದರು ಅಪ್ಪ. ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ಭಾಷೆ ಪೂರ್ತಿ ಅರ್ಥವಾಗದಿದ್ದರೂ ಎರಡೂವರೆ ಗಂಟೆ ಅಲುಗಾಡದೆ ಕುಳಿತರು. ಹೊರಗೆ ಬಂದ ಮೇಲೆ ಕೇಳಿದರು: ‘ನೀನು ಊರಿನಲ್ಲಿ ಒಂದು ಸಲವೂ ಬರಲಿಲ್ಲವಲ್ಲ?’ ಉತ್ತರ ಹೊಳೆಯಲಿಲ್ಲ. ಸಿಗ್ನಲ್ ಹಸಿರಾಗಿದ್ದರೂ ಹಿಂದಿನ ಕಾರು ಹಾರ್ನ್ ಮಾಡುವ ತನಕ ನಿಂತೇ ಇದ್ದೆ.

ನೈಲ್ಸ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಫ್ರೀಮಾಂಟ್ 1956ರಲ್ಲಿ ಐದು ಹಳ್ಳಿಗಳು ಸೇರಿ ಆದ ಊರು: ಸೆಂಟರ್‌ವಿಲ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ನೈಲ್ಸ್, ವಾರ್ಮ್ ಸ್ಪ್ರಿಂಗ್ಸ್. ಹಳಬರು ಈಗಲೂ ಹಳ್ಳಿಯ ಹೆಸರನ್ನೇ ಹೇಳುತ್ತಾರೆ, ನಾವು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎಂದ ಹಾಗೆ. 1915ರಲ್ಲಿ ಚಾರ್ಲಿ ಚಾಪ್ಲಿನ್ ನೈಲ್ಸ್‌ಗೆ ಬಂದು ಎಸ್ಸನೇ ಸ್ಟುಡಿಯೊಗೆ ಚಿತ್ರ ಮಾಡಿದ್ದ. ಅಲ್ಲಿನ ಮೂಕಿಚಿತ್ರ ಸಂಗ್ರಹಾಲಯದಲ್ಲಿ ಶನಿವಾರ ಸಂಜೆಗಳಲ್ಲಿ ಹಳೆಯ ಚಿತ್ರ ಹಾಕಿ ಎದುರಿಗೇ ಪಿಯಾನೊ ನುಡಿಸುತ್ತಾರೆ. ಇಂಗ್ಲಿಷ್ ಬಾರದ ನಮ್ಮ ಅಮ್ಮ ಈ ದೇಶದಲ್ಲಿ ಮನಸಾರೆ ನಕ್ಕದ್ದು ಅಲ್ಲಿ. ಟೆಂಟಿನಲ್ಲಿ ಸಿನಿಮಾ ನೋಡಿದ ಹಾಗಾಯಿತು ಎಂದರು. ಆಗಸ್ಟಿನ ಕೊನೆಯ ಭಾನುವಾರ ಅದೇ ಬೀದಿಗಳಲ್ಲಿ ಹಳೆಯ ಸಾಮಾನಿನ ಸಂತೆ. ಬೆಳಿಗ್ಗೆ ಬೇಗ ಹೋಗಿ. ಒಂಬತ್ತು ಗಂಟೆಗೆ ಹೋದರೆ ಹಿತ್ತಾಳೆಯ ಸಾಮಾನೆಲ್ಲ ಆಗಲೇ ಖಾಲಿ.

ಮಕ್ಕಳ ವಿಷಯ ಕಷ್ಟ. ಮನೆಯಲ್ಲಿ ನಾನು ‘ನಮ್ಮ ಊರು’ ಎಂದರೆ ತಿಪಟೂರು, ಮಗಳು ‘ನಮ್ಮ ಊರು’ ಎಂದರೆ ಫ್ರೀಮಾಂಟ್. ಇಬ್ಬರೂ ಕನ್ನಡದಲ್ಲೇ ಹೇಳುತ್ತೇವೆ ಎಂಬುದಷ್ಟೇ ಸಮಾಧಾನ. ಬಹಳ ಕಾಲ ನಾನು ಅವಳ ಮಾತನ್ನು ತಿದ್ದುತ್ತಿದ್ದೆ. ಕಳೆದ ವರ್ಷ ಗ್ರಂಥಾಲಯದ ಸಮಯ ಹೆಚ್ಚಿಸಬೇಕೆಂದು ಅವಳು ಒಂದು ಸಭೆಯಲ್ಲಿ ಎದ್ದು ಮಾತನಾಡಿದಳು. ಅಂದು ಜನ ಹೆಚ್ಚಿದ್ದರು, ಸಿಕ್ಕಿದ್ದು ಒಂದೇ ನಿಮಿಷ. ಪರೀಕ್ಷೆಯ ವಾರ, ಮನೆಯಲ್ಲಿ ತಮ್ಮಂದಿರಿರುವ ಗೆಳತಿಯರು ಎಲ್ಲಿ ಕುಳಿತು ಓದಬೇಕು ಎಂದು ಕೇಳಿದಳು. ದೀಪ ಹಳದಿಯಾಗುವ ಮೊದಲೇ ಮುಗಿಸಿ ಬಂದು ಪಕ್ಕದಲ್ಲಿ ಕುಳಿತಳು. ಅಪ್ಪನಿಗೆ ತೋರಿಸೋಣವೆಂದು ಸಭೆಯ ವಿಡಿಯೊ ಹುಡುಕಿ ಇಟ್ಟುಕೊಂಡೆ. ತೋರಿಸುವಷ್ಟರಲ್ಲಿ ಅಪ್ಪ ಇರಲಿಲ್ಲ.

ಬರುವ ಮಂಗಳವಾರ ನಾನು ಹೋಗುತ್ತಿದ್ದೇನೆ. ಆರೂವರೆಗೆ ಮನೆ ಬಿಡುತ್ತೇನೆ, ಕಾರಿನಲ್ಲಿ ಎರಡು ಸೀಟು ಖಾಲಿ ಇವೆ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ, ಆದರೆ ಹೊರಗೇ ಕುಡಿದು ಮುಗಿಸಬೇಕು; ಸಭೆಯ ನಡುವೆ ಮುಚ್ಚಳ ತೆರೆದು, ಡಿಕಾಕ್ಷನ್ನಿನ ಘಮಕ್ಕೆ ಎರಡು ಸಾಲು ಜನ ತಿರುಗಿ ನೋಡಿದ ತಪ್ಪನ್ನೂ ನಾನು ಮಾಡಿಯಾಗಿದೆ.